ನಿಲ್ಲಿಸುವ ಅಧಿಕಾರ: ಜಪಾನಿನ ಮಿತವ್ಯಯ ಉತ್ಪಾದನಾಕ್ರಮದ ಉಗಮ

ಕೈಗಾರಿಕೆಯ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಯಂತ್ರವು ಎಷ್ಟು ವೇಗವಾಗಿ ಓಡಿತೆಂಬುದನ್ನು ಅಳೆದಿದ್ದಾರೆ. ಅದು ಯಾವಾಗ, ಯಾರ ಮಾತಿಗೆ ನಿಂತಿತೆಂಬುದನ್ನು ವಿಚಾರಿಸಿದವರು ವಿರಳ. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಟೊಯೋಟಾ ಮೋಟಾರು ಕಾರ್ಖಾನೆಯಲ್ಲಿ ರೂಪುಗೊಂಡು, ಇಂದು ‘ಲೀನ್’ ಎಂಬ ಹೆಸರಿನಿಂದ ಎಲ್ಲೆಡೆಯೂ ಪ್ರಸಿದ್ಧವಾಗಿರುವ ಉತ್ಪಾದನಾಕ್ರಮವನ್ನು ಕುರಿತು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಓದುವುದು ಉಳಿತಾಯದ ಕಥೆಯನ್ನು: ದಾಸ್ತಾನು ಕಡಮೆಯಾಯಿತು, ಸ್ಥಳ ಉಳಿಯಿತು, ಆಳುಗಳು ಉಳಿದರು, ಲಾಭ ಹೆಚ್ಚಿತು. ಈ ಉಳಿತಾಯವು ಫಲವೇ ಹೊರತು ಮೂಲವಲ್ಲವೆಂದೂ, ತಪ್ಪು ಕಂಡೊಡನೆ ಕೆಲಸವನ್ನು ನಿಲ್ಲಿಸುವ ಅಧಿಕಾರವೇ ಅದರ ಮೂಲವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

೧

ಈ ಕ್ರಮದ ಬೇರು ಇರುವುದು ಮೋಟಾರಿನಲ್ಲಲ್ಲ, ಮಗ್ಗದಲ್ಲಿ. ಸಾಕಿಚಿ ಟೊಯೋಡ (೧೮೬೭–೧೯೩೦) ಅವರು ಬಡಗಿಯೊಬ್ಬನ ಮಗ. ೧೮೯೧ರಲ್ಲಿ ಸುಧಾರಿಸಿದ ಕೈಮಗ್ಗವೊಂದಕ್ಕೆ ಪೇಟೆಂಟು ಪಡೆದ ಅವರು ೧೮೯೬ರಲ್ಲಿ ಶಕ್ತಿಚಾಲಿತ ಮಗ್ಗವೊಂದನ್ನು ನಿರ್ಮಿಸಿದರು. ನೇಯ್ಗೆಯನ್ನು ಬಲ್ಲವರಿಗೆ ತಿಳಿದಿರುವಂತೆ, ಕೈಮಗ್ಗದಲ್ಲಿ ಎಳೆ ಕಡಿದರೆ ನೇಕಾರನ ಕಣ್ಣು ಅದನ್ನು ಕಾಣುತ್ತದೆ, ಕೈ ತಾನೇ ನಿಲ್ಲುತ್ತದೆ. ಯಂತ್ರಮಗ್ಗಕ್ಕೆ ಅಂತಹ ಕಣ್ಣಿಲ್ಲ. ಹೊಕ್ಕಿನ ನೂಲು ಕಡಿದರೂ ಅದು ಓಡುತ್ತಲೇ ಇರುತ್ತದೆ. ಬಟ್ಟೆ ಕೆಡುತ್ತಲೇ ಇರುತ್ತದೆ. ಆದುದರಿಂದ ಪ್ರತಿಯೊಂದು ಮಗ್ಗದ ಬಳಿಯಲ್ಲಿಯೂ ಕಾವಲಿಗೆ ಒಬ್ಬರು ಬೇಕು. ಸಾಕಿಚಿ ಅವರ ಮಗ್ಗವು ಹೊಕ್ಕು ಕಡಿದೊಡನೆ ತಾನಾಗಿ ನಿಲ್ಲುತ್ತಿತ್ತು. ೧೯೨೪ರಲ್ಲಿ ಮಗ ಕಿಇಚಿರೋ ಅವರ ನೆರವಿನಿಂದ ಪೂರ್ಣಗೊಂಡ ‘ಜಿ’ ಮಾದರಿಯ ಮಗ್ಗದಲ್ಲಿ, ಓಟ ನಿಲ್ಲದಂತೆಯೇ ಲಾಳಿಯನ್ನು ಬದಲಿಸುವ ಏರ್ಪಾಡೂ, ಹಾಸುಹೊಕ್ಕುಗಳಲ್ಲಿ ಯಾವುದು ಕಡಿದರೂ ಓಟವನ್ನು ನಿಲ್ಲಿಸುವ ಏರ್ಪಾಡೂ ಒಟ್ಟಿಗೆ ಕೂಡಿದ್ದುವು. ೧೯೨೯ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ನಗರದ ಪ್ಲ್ಯಾಟ್ ಸಹೋದರರ ಕಂಪನಿಯು ಇದರ ಪೇಟೆಂಟು ಹಕ್ಕಿಗಾಗಿ ಒಪ್ಪಂದ ಮಾಡಿಕೊಂಡಿತು. ಯಂತ್ರಮಗ್ಗದ ತವರೇ ಪೂರ್ವದೇಶದ ಮಗ್ಗವನ್ನು ಬಯಸಿತೆಂಬುದು ಗಮನಾರ್ಹವಾದ ಸಂಗತಿ.

ಟೊಯೋಟಾ ಕಂಪನಿಯವರು ಈ ತತ್ತ್ವವನ್ನು ‘ಜಿದೋಕ’ ಎಂದು ಕರೆಯುತ್ತಾರೆ. ಸ್ವಯಂಚಾಲನೆ ಎಂಬರ್ಥದ ಜಪಾನೀ ಪದವೂ ಕಿವಿಗೆ ಹೀಗೆಯೇ ಕೇಳಿಸುತ್ತದೆ. ಆದರೆ ಬರೆಯುವಾಗ ಅವರು ‘ಚಲಿಸು’ ಎಂಬ ಅಕ್ಷರಕ್ಕೆ ‘ಮನುಷ್ಯ’ ಎಂಬ ಅಂಗವನ್ನು ಸೇರಿಸಿ, ‘ದುಡಿ’ ಎಂಬರ್ಥದ ಅಕ್ಷರವನ್ನು ಬಳಸುತ್ತಾರೆ. ಯಂತ್ರಕ್ಕೆ ಮನುಷ್ಯನ ವಿವೇಕವನ್ನು ಕೊಡುವುದೆಂಬುದು ಇದರ ಭಾವ. ಇಲ್ಲಿಯ ಕ್ರಮವನ್ನು ಓದುಗರು ಲಕ್ಷಿಸಬೇಕು. ಒಬ್ಬ ಕೆಲಸಗಾರ್ತಿ ಹಲವು ಮಗ್ಗಗಳನ್ನು ನೋಡಿಕೊಳ್ಳುವಂತಾದುದು ನಿಜ. ಆದರೆ ಮಗ್ಗವು ನಿಲ್ಲುವುದನ್ನು ಕಲಿತ ಮೇಲೆ ಹಾಗಾಯಿತೇ ಹೊರತು ಅದಕ್ಕೆ ಮೊದಲಲ್ಲ.

೨

ಇದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೊಂದು ದಾರಿಯಿಂದ ಇದಕ್ಕೆ ಹತ್ತಿರವಾದ ವಿಚಾರವು ಹುಟ್ಟಿತು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಷೂಹಾರ್ಟ್ ಅವರು ೧೯೨೪ರಲ್ಲಿ ‘ನಿಯಂತ್ರಣ ನಕ್ಷೆ’ಯನ್ನು ರಚಿಸಿದರು. ಯಾವ ಎರಡು ವಸ್ತುಗಳೂ ಪೂರ್ಣವಾಗಿ ಒಂದೇ ತೆರನಾಗಿರಲಾರವು. ಈ ವ್ಯತ್ಯಾಸಗಳಲ್ಲಿ ಆಕಸ್ಮಿಕವಾದುವು ಯಾವುವು, ಹುಡುಕಿ ತೆಗೆಯಬಹುದಾದ ಕಾರಣವುಳ್ಳವು ಯಾವುವು ಎಂಬುದನ್ನು ಸಂಖ್ಯಾಶಾಸ್ತ್ರದಿಂದ ವಿಂಗಡಿಸುವುದೇ ಈ ನಕ್ಷೆಯ ಪ್ರಯೋಜನ. ಕೊನೆಯಲ್ಲಿ ಪರೀಕ್ಷಕರು ಕೆಟ್ಟ ಸರಕನ್ನು ಆರಿಸಿ ಎಸೆದರೆ ಸರಕು ಒಳ್ಳೆಯದಾಗುವುದಿಲ್ಲ, ದೋಷವು ಹುಟ್ಟುವ ಎಡೆಯಲ್ಲಿಯೇ ಅದರ ಕಾರಣವನ್ನು ಕಾಣಬೇಕೆಂಬ ನೀತಿಯು ಇದರಿಂದ ಬೆಳೆಯಿತು. ಜಪಾನಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟದ ಆಹ್ವಾನದ ಮೇರೆಗೆ ೧೯೫೦ರ ಬೇಸಿಗೆಯಲ್ಲಿ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರು ಅಲ್ಲಿ ಈ ಶಾಸ್ತ್ರವನ್ನು ಬೋಧಿಸಿದರು. ಮರುವರ್ಷವೇ ಅವರ ಹೆಸರಿನ ಬಹುಮಾನವು ಸ್ಥಾಪಿತವಾಯಿತು.

ಜಪಾನಿನ ಏಳಿಗೆಗೆ ಡೆಮಿಂಗರ ಉಪನ್ಯಾಸಗಳೇ ಕಾರಣವೆಂದು ಹೇಳುವ ವಾಡಿಕೆಯುಂಟು. ಈ ಅಭಿಪ್ರಾಯವನ್ನು ಒಪ್ಪಲು ನಮಗೆ ಒಂದು ಅಡ್ಡಿಯಿದೆ. ಷೂಹಾರ್ಟ್ ಅವರು, ಪ್ರಶಾಂತಚಂದ್ರ ಮಹಲನೋಬಿಸ್ ಅವರು ಕಲ್ಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ, ೧೯೪೭–೪೮ರಲ್ಲಿಯೇ ನಮ್ಮ ದೇಶಕ್ಕೆ ಬಂದಿದ್ದರು. ಶಾಸ್ತ್ರದ ಮೂಲಪುರುಷರೇ ಇಲ್ಲಿಗೆ ಮೊದಲು ಬಂದಿದ್ದರೂ ಕಾರ್ಖಾನೆಗಳ ನಡವಳಿಕೆಯಲ್ಲಿ ಅಂತಹ ಪರಿವರ್ತನೆ ಇಲ್ಲಿ ಆಗಲಿಲ್ಲ. ವಿದ್ಯೆಯು ಬಂದುದಷ್ಟೇ ಸಾಲದು, ಅದನ್ನು ಬಳಸದೆ ಗತ್ಯಂತರವಿಲ್ಲದ ಸಂದರ್ಭವೂ ಒದಗಬೇಕೆಂದು ಇದರಿಂದ ತೋರುತ್ತದೆ. ಮಾಡಿದ ಸರಕೆಲ್ಲ ಹೇಗೂ ಮಾರಾಟವಾಗುವಲ್ಲಿ ಯಂತ್ರವನ್ನು ನಿಲ್ಲಿಸುವ ಮನಸ್ಸು ಯಾರಿಗೆ ಬಂದೀತು?

೩

ಟೊಯೋಟಾ ಕಂಪನಿಗೆ ಅಂತಹ ಸಂದರ್ಭವು ೧೯೫೦ರಲ್ಲಿ ಒದಗಿತು. ಮಗ್ಗದ ಕಾರ್ಖಾನೆಯ ಒಂದು ವಿಭಾಗವಾಗಿ ೧೯೩೩ರಲ್ಲಿ ಹುಟ್ಟಿ ೧೯೩೭ರಲ್ಲಿ ಸ್ವತಂತ್ರವಾದ ಈ ಮೋಟಾರು ಕಂಪನಿಗೆ ಕಿಇಚಿರೋ ಅವರೇ ಪ್ರಾಣವಾಗಿದ್ದರು. ಬೇಕಾದ ಬಿಡಿಭಾಗವು ಬೇಕಾದ ಹೊತ್ತಿಗೆ ಬರಬೇಕೆಂಬ ‘ಜಸ್ಟ್ ಇನ್ ಟೈಮ್’ ಎಂಬ ಮಾತೂ ಅವರದೇ. ೧೯೪೯ರಲ್ಲಿ ಅಮೆರಿಕದ ಬ್ಯಾಂಕರು ಜೋಸೆಫ್ ಡಾಡ್ಜ್ ಅವರು ಹಣದ ಉಬ್ಬರವನ್ನು ತಡೆಯಲು ವಿಧಿಸಿದ ಕಠಿಣ ನೀತಿಯಿಂದ ಸಾಲ ಬತ್ತಿತು, ಕೊಳ್ಳುವವರು ಕಡಮೆಯಾದರು, ತಯಾರಾದ ವಾಹನಗಳು ಮಾರಾಟವಾಗದೆ ನಿಂತುವು. ಬ್ಯಾಂಕುಗಳು ಸಾಲವನ್ನು ಕೊಟ್ಟುವು, ಆದರೆ ಷರತ್ತುಗಳೊಡನೆ: ಮಾರಾಟದ ಕಂಪನಿ ಬೇರೆಯಾಗಬೇಕು, ಮಾರುವಷ್ಟನ್ನೇ ತಯಾರಿಸಬೇಕು, ಕೆಲಸಗಾರರ ಸಂಖ್ಯೆ ಇಳಿಯಬೇಕು. ಮುಷ್ಕರವು ನಡೆಯಿತು. ಸುಮಾರು ೨೦೦೦ ಮಂದಿ ಕೆಲಸವನ್ನು ಬಿಟ್ಟುಹೋದರು. ಕಿಇಚಿರೋ ಅವರೂ ಜೂನ್ ತಿಂಗಳಲ್ಲಿ ಅಧ್ಯಕ್ಷಪದವಿಯನ್ನು ತ್ಯಜಿಸಿದರು. ಅದೇ ತಿಂಗಳ ೨೫ರಂದು ಕೊರಿಯಾ ಯುದ್ಧವು ಆರಂಭವಾಗಿ, ಅಮೆರಿಕದ ಸೈನ್ಯದಿಂದ ಸಾವಿರಾರು ಲಾರಿಗಳಿಗೆ ಬೇಡಿಕೆ ಬಂದಿತು. ಕಂಪನಿಯು ಉಳಿದುದು ಇದರಿಂದ. ಮಿತವ್ಯಯದ ಚರಿತ್ರೆಯಲ್ಲಿ ಕೆಲಸ ಕಳೆದುಕೊಂಡವರನ್ನೂ ಯುದ್ಧವನ್ನೂ ಬಿಟ್ಟು ಬರೆದರೆ ಆ ಚರಿತ್ರೆ ಅಪೂರ್ಣವಾಗುತ್ತದೆ.

ಮುಂದಿನ ಕಾರ್ಯವನ್ನು ನಡೆಸಿದವರು ಮೊದಲು ನೇಯ್ಗೆಯ ಕಾರ್ಖಾನೆಯಲ್ಲಿದ್ದು, ೧೯೪೩ರಲ್ಲಿ ಮೋಟಾರು ಕಂಪನಿಗೆ ಬಂದ ತಾಇಚಿ ಓನೋ ಅವರು. ಮಗ್ಗದ ಪಾಠವನ್ನು ಅವರು ಯಂತ್ರಶಾಲೆಗೆ ತಂದರು. ತಪ್ಪಾದರೆ ತಾನೇ ನಿಲ್ಲುವ ಯಂತ್ರವನ್ನು ಕಾಯಬೇಕಾಗಿಲ್ಲವಾದುದರಿಂದ ಒಬ್ಬನು ಎರಡು ಮೂರು ಯಂತ್ರಗಳನ್ನು ನಡೆಸಬಹುದೆಂದರು. ಒಂದೇ ಯಂತ್ರದಲ್ಲಿ ಪಳಗಿದ್ದ ಹಳೆಯ ಕುಶಲಿಗಳು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಅಮೆರಿಕದ ಸ್ವಸಹಾಯ ಅಂಗಡಿಗಳಲ್ಲಿ ಗಿರಾಕಿಯು ತೆಗೆದುಕೊಂಡಷ್ಟನ್ನು ಮಾತ್ರ ಮತ್ತೆ ತುಂಬಿಸುವರೆಂಬುದು ಓನೋ ಅವರ ಮನಸ್ಸನ್ನು ಸೆಳೆಯಿತು. ಮುಂದಿನ ವಿಭಾಗವು ಗಿರಾಕಿ, ಹಿಂದಿನ ವಿಭಾಗವು ಅಂಗಡಿ. ಇವೆರಡರ ನಡುವೆ ಬೇಡಿಕೆಯನ್ನು ಒಯ್ಯುವ ಚೀಟಿಯೇ ‘ಕಾನ್‌ಬನ್’.

ಈ ಏರ್ಪಾಡಿನ ಒಳಗುಟ್ಟು ಇಲ್ಲಿದೆ. ಉಗ್ರಾಣದಲ್ಲಿ ನೂರು ಭಾಗಗಳಿದ್ದಾಗ ಒಂದು ಕೆಟ್ಟಿದ್ದರೆ ಕೆಲಸಗಾರನು ಅದನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾನೆ. ತಪ್ಪಿನ ಕಾರಣವನ್ನು ಯಾರೂ ಕೇಳುವುದಿಲ್ಲ. ಕೇಳಿದಷ್ಟೇ ಬಂದಿರುವಾಗ ಒಂದು ಕೆಟ್ಟರೂ ಮುಂದಿನ ಕೆಲಸವು ನಿಲ್ಲುತ್ತದೆ, ಕಾರಣವನ್ನು ಕೇಳಲೇಬೇಕಾಗುತ್ತದೆ. ದಾಸ್ತಾನು ತಪ್ಪುಗಳನ್ನು ಮುಚ್ಚುವ ಹೊದಿಕೆ. ಅದನ್ನು ತೆಗೆದುದು ಹಣ ಉಳಿಸುವುದಕ್ಕಾಗಿ ಮಾತ್ರವಲ್ಲ, ತಪ್ಪು ಕಾಣುವಂತೆ ಮಾಡುವುದಕ್ಕಾಗಿ. ಓನೋ ಅವರು ಎಣಿಸಿದ ಏಳು ಬಗೆಯ ‘ಮುದಾ’, ಅಂದರೆ ದುಂದು, ಇವು: ಅತಿಯಾದ ತಯಾರಿಕೆ, ಕಾಯುವಿಕೆ, ಅನಗತ್ಯ ಸಾಗಣೆ, ಅನಗತ್ಯ ಸಂಸ್ಕರಣ, ದಾಸ್ತಾನು, ಅನಗತ್ಯ ಚಲನೆ, ದೋಷಯುಕ್ತ ಸರಕು. ಇವುಗಳಲ್ಲಿ ಅತಿಯಾದ ತಯಾರಿಕೆಯೇ ಉಳಿದವುಗಳ ತಾಯಿಯೆಂದು ಅವರು ಭಾವಿಸಿದುದು ೧೯೫೦ರ ಅನುಭವಕ್ಕೆ ಸಹಜವಾಗಿದೆ. ಜೋಡಣೆಯ ಸಾಲಿನಲ್ಲಿ ಪ್ರತಿಯೊಬ್ಬನೂ ಹಗ್ಗವನ್ನೆಳೆದು ನೆರವನ್ನು ಕರೆಯಬಹುದು; ತೊಡಕು ಪರಿಹಾರವಾಗದಿದ್ದರೆ ಸಾಲು ನಿಲ್ಲುತ್ತದೆ. ಮಗ್ಗಕ್ಕೆ ದೊರೆತ ವಿವೇಕವು ಹೀಗೆ ಮನುಷ್ಯನಿಗೆ ಅಧಿಕಾರವಾಗಿ ಮರಳಿತು. ೧೯೬೫ರಲ್ಲಿ ಕಂಪನಿಗೆ ಡೆಮಿಂಗ್ ಬಹುಮಾನವು ಸಂದಿತು.

೪

ಆದರೆ ಅಧಿಕಾರವಿರುವುದು ಬೇರೆ, ಅದನ್ನು ನಿರ್ಭಯವಾಗಿ ಚಲಾಯಿಸುವುದು ಬೇರೆ. ಪತ್ರಕರ್ತ ಸತೋಶಿ ಕಾಮಾತ ಅವರು ಟೊಯೋಟಾ ಕಾರ್ಖಾನೆಯಲ್ಲಿ ಹಂಗಾಮಿ ಕೆಲಸಗಾರರಾಗಿ ದುಡಿದು, ೧೯೭೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಲಿನ ವೇಗದಿಂದ ಮೈ ಸೋತವರ ಬಾಳನ್ನು ಚಿತ್ರಿಸಿದ್ದಾರೆ. ಇದಕ್ಕೆ ಎದುರಾದ ನಿದರ್ಶನವೂ ಉಂಟು. ಕ್ಯಾಲಿಫೋರ್ನಿಯದ ಫ್ರಿಮಾಂಟಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ೧೯೮೨ರಲ್ಲಿ ಮುಚ್ಚಿದ ಕಾರ್ಖಾನೆಯನ್ನು ಟೊಯೋಟಾ ಅದರೊಡನೆ ಸೇರಿ ೧೯೮೪ರಲ್ಲಿ ಮತ್ತೆ ತೆರೆಯಿತು. ಕೆಲಸಗಾರರಲ್ಲಿ ಬಹುಮಂದಿ ಹಿಂದಿನವರೇ, ಸಂಘವೂ ಹಿಂದಿನದೇ. ಹಗ್ಗವನ್ನೆಳೆಯುವ ಹಕ್ಕು ಮಾತ್ರ ಹೊಸದು. ಕೆಲವೇ ವರ್ಷಗಳಲ್ಲಿ ಅಲ್ಲಿಯ ವಾಹನಗಳ ಗುಣವು ಜಪಾನಿನವಕ್ಕೆ ಸಮೀಪವಾಯಿತು. ‘ಲೀನ್’ ಎಂಬ ಹೆಸರು ೧೯೮೮ರಲ್ಲಿ ಅಮೆರಿಕದಲ್ಲಿ ಹುಟ್ಟಿ, ೧೯೯೦ರಲ್ಲಿ ಪ್ರಕಟವಾದ ಗ್ರಂಥವೊಂದರಿಂದ ಹಬ್ಬಿತು. ಕೊಬ್ಬಿಲ್ಲದುದು ಎಂಬರ್ಥದ ಈ ಹೆಸರಿನಲ್ಲಿ ಇಳಿಸುವುದರ ಸೂಚನೆಯಿದೆ, ನಿಲ್ಲಿಸುವುದರ ಸೂಚನೆಯಿಲ್ಲ. ಅನುಕರಿಸಿದವರಲ್ಲಿ ಹಲವರು ಮೊದಲನೆಯದನ್ನೇ ಕೈಕೊಂಡುದಕ್ಕೆ ಹೆಸರೂ ಒಂದಿಷ್ಟು ಕಾರಣವಾಗಿರಬಹುದು.

ಈ ಚರಿತ್ರೆಯು ನಮಗೆ ದೂರದ್ದಲ್ಲ. ೧೯೯೭ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರು ಕಂಪನಿಯ ಬಿಡದಿಯ ಕಾರ್ಖಾನೆಯು ೧೯೯೯ರ ಕೊನೆಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. ೨೦೨೦ರ ನವೆಂಬರಿನಲ್ಲಿ ತೊಡಗಿ ಮರುವರ್ಷದ ಮಾರ್ಚಿನವರೆಗೆ ಅಲ್ಲಿ ನಡೆದ ವಿವಾದದಲ್ಲಿ ಮುಷ್ಕರ, ಬೀಗಮುದ್ರೆಗಳೆರಡೂ ಸಂಭವಿಸಿದುವು. ಕೆಲಸದ ಹೊರೆಯು ಸಂಘದ ದೂರುಗಳಲ್ಲಿ ಒಂದಾಗಿತ್ತು. ಅದರ ನ್ಯಾಯನಿರ್ಣಯ ಈ ಲೇಖನದ ವಿಷಯವಲ್ಲ. ದುಂದು ಯಾವುದು, ಮನುಷ್ಯನಿಗೆ ಬೇಕಾದ ಬಿಡುವು ಯಾವುದು ಎಂಬುದನ್ನು ನಿಶ್ಚಯಿಸುವವರು ಯಾರೆಂಬ ೧೯೫೦ರ ಪ್ರಶ್ನೆಯು ಇನ್ನೂ ಮುಗಿದಿಲ್ಲವೆಂಬುದನ್ನಷ್ಟೇ ಇಲ್ಲಿ ಹೇಳಬಯಸುತ್ತೇವೆ. ನಮ್ಮ ವಿದ್ಯಾರ್ಥಿಗಳು ಕಾರ್ಖಾನೆಗಳನ್ನು ನೋಡಲು ಹೋದಾಗ ದಾಸ್ತಾನು ಎಷ್ಟು ಇಳಿಯಿತೆಂದು ಕೇಳಿ ಬರೆದುಕೊಳ್ಳುತ್ತಾರೆ. ಅದರೊಡನೆ, ಕಳೆದ ತಿಂಗಳು ಇಲ್ಲಿ ಕೆಲಸವನ್ನು ನಿಲ್ಲಿಸಿದವರಾರು, ಆಮೇಲೆ ಅವರೊಡನೆ ಮೇಲಿನವರು ಹೇಗೆ ನಡೆದುಕೊಂಡರು ಎಂಬುದನ್ನೂ ಕೇಳುವುದು ಉಚಿತವೆಂದು ನಮ್ಮ ಅಭಿಪ್ರಾಯ.