ಶಾಲೆಯ ಲೆಕ್ಕ ತಂದೆತಾಯಿಗಳ ಮುಂದೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಬಹುಕಾಲ ಮೇಷ್ಟರಾಗಿದ್ದವನಿಗೆ ಶಾಲೆ ಬಿಟ್ಟು ಬೇರೆ ವಿಷಯ ಎಲ್ಲಿಂದ ಬರಬೇಕು? ಆದರೆ ಸಂಘಕ್ಕೂ ಶಾಲೆಗೂ ಒಂದು ನಂಟಿದೆ. ಪ್ರತಿ ವರ್ಷ ಮಹಾಸಭೆಯಲ್ಲಿ ಕಾರ್ಯದರ್ಶಿಗಳು ಜಮಾ-ಖರ್ಚು ಓದುತ್ತಾರೆ, ಆಡಿಟ್ ವರದಿ ಮಂಡಿಸುತ್ತಾರೆ. ಹಿಂದೆ ಕೂತ ಸದಸ್ಯನೊಬ್ಬ ಎದ್ದು "ಈ ಬಾಬ್ತು ಯಾಕೆ ಇಷ್ಟಾಯ್ತು ಸ್ವಾಮಿ?" ಅಂತ ಕೇಳಿದರೆ ಉತ್ತರ ಕೊಡಲೇಬೇಕು. ದುಡ್ಡಿನ ಲೆಕ್ಕಕ್ಕೆ ಇಷ್ಟು ಬಂದೋಬಸ್ತು ಇದೆ. ಮಕ್ಕಳ ಕಲಿಕೆಯ ಲೆಕ್ಕವನ್ನು ಹೆತ್ತವರಿಗೆ ಯಾರು ಒಪ್ಪಿಸಬೇಕು, ಹೇಗೆ ಒಪ್ಪಿಸಬೇಕು? ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿ, ಸರಿ-ತಪ್ಪು ಎರಡನ್ನೂ ಮಾಡಿ ಕಲಿತ ದೇಶ ಅಮೆರಿಕ. ಅಲ್ಲಿಯ ಕಥೆಯನ್ನೇ ಮೊದಲು ಹೇಳುತ್ತೇನೆ.

ಬಾಸ್ಟನ್ ನಗರದ ಶಾಲೆಗಳಲ್ಲಿ ಮೊದಲು ಪರೀಕ್ಷೆಯೆಂದರೆ ಬಾಯಿಪಾಠ ಒಪ್ಪಿಸುವುದೇ ಆಗಿತ್ತು. ವರ್ಷಕ್ಕೊಮ್ಮೆ ಸಮಿತಿಯವರು ಬರುವರು, ಚುರುಕಾದ ನಾಲ್ಕು ಮಕ್ಕಳು ಒಪ್ಪಿಸುವರು, ಎಲ್ಲರೂ ಭೇಷ್ ಎಂದು ಹೊರಡುವರು. ಮ್ಯಾಸಚೂಸೆಟ್ಸ್ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾಗಿದ್ದ ಹೊರೇಸ್ ಮಾನ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ಗೆಳೆಯ, ಅಂಧರ ಶಾಲೆ ನಡೆಸುತ್ತಿದ್ದ ಸ್ಯಾಮ್ಯುಯೆಲ್ ಗ್ರಿಡ್ಲಿ ಹೋವ್ ಪರೀಕ್ಷಾ ಸಮಿತಿಯಲ್ಲಿದ್ದರು. 1845ರಲ್ಲಿ ಈ ಸಮಿತಿ ಎಲ್ಲ ಶಾಲೆಗೂ ಒಂದೇ ಅಚ್ಚಾದ ಪ್ರಶ್ನೆಪತ್ರಿಕೆ ಕೊಟ್ಟು, ಸುಮಾರು 530 ಮಕ್ಕಳಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿತು. ಬರಬೇಕಾಗಿದ್ದ 57,873 ಉತ್ತರಗಳಲ್ಲಿ ಸರಿಯಾಗಿದ್ದದ್ದು 17,216 ಮಾತ್ರ. ನೂರಕ್ಕೆ ಮೂವತ್ತು! ಅದೂ ಆಯ್ದ ಮೇಲ್ತರಗತಿಯ ಮಕ್ಕಳದು. ಸಮಿತಿ ಇದನ್ನು ಮುಚ್ಚಿಡಲಿಲ್ಲ. ಶಾಲೆವಾರು ಪಟ್ಟಿ ಮಾಡಿ ಅಚ್ಚು ಹಾಕಿಸಿತು. ಮುಖ್ಯೋಪಾಧ್ಯಾಯರು ಸಿಟ್ಟಾದರು, ಊರಲ್ಲಿ ಗುಲ್ಲೆದ್ದಿತು. ಆದರೆ ಶಾಲೆಯ ಫಲಿತಾಂಶ ಊರವರ ಸ್ವತ್ತು ಎಂಬ ಮಾತು ಅಂದಿನಿಂದ ಬೇರೂರಿತು.

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು 'ಸ್ಕೂಲ್ ಡಿಸ್ಟ್ರಿಕ್ಟ್' ಎಂಬ ಸ್ಥಳೀಯ ಘಟಕ. ನಮ್ಮ ಜಿಲ್ಲೆಯಷ್ಟು ದೊಡ್ಡದೇ ಆಗಬೇಕೆಂದಿಲ್ಲ, ಒಂದು ಸಣ್ಣ ಊರಿನದೂ ಇರಬಹುದು. ಹೆಚ್ಚಿನ ಕಡೆ ಊರವರೇ ವೋಟು ಹಾಕಿ ಶಾಲಾ ಮಂಡಳಿ ಆರಿಸುತ್ತಾರೆ, ಮನೆ-ಜಮೀನಿನ ತೆರಿಗೆಯಿಂದ ಖರ್ಚಿನ ದೊಡ್ಡ ಪಾಲು ಹೊರುತ್ತಾರೆ. ನಮ್ಮ ಸಂಘದ ಆಡಳಿತ ಮಂಡಳಿ ಇದ್ದ ಹಾಗೆಯೇ ಅನ್ನಿ. ಆದರೂ ವರದಿ ಕೊಡುವ ರೀತಿ ಊರಿಗೊಂದು ಥರ ಇತ್ತು. 2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ, ಅಂದರೆ ಯಾವ ಮಗುವೂ ಹಿಂದೆ ಬೀಳಬಾರದೆಂಬ ಕಾಯ್ದೆ, ಇದಕ್ಕೊಂದು ಕಟ್ಟು ಹಾಕಿತು. 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ನಡೆಯಬೇಕು. ಪ್ರತಿ ಡಿಸ್ಟ್ರಿಕ್ಟ್ ವರ್ಷಕ್ಕೊಮ್ಮೆ ವರದಿ ಪತ್ರ ಪ್ರಕಟಿಸಬೇಕು. ಸಾಧ್ಯವಾದಷ್ಟೂ ಅದು ತಂದೆತಾಯಿಗಳಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಶಾಲೆ ಸತತ ಎರಡು ವರ್ಷ ಗುರಿ ಮುಟ್ಟದಿದ್ದರೆ ಆ ಸಂಗತಿಯನ್ನು ಅವರಿಗೆ ತಿಳಿಸಬೇಕು.

ಅದರಲ್ಲಿ ಬಹಳ ಮುಖ್ಯವಾದ ಅಂಶ ಇನ್ನೊಂದು. ಫಲಿತಾಂಶವನ್ನು ಒಟ್ಟಾಗಿ ಹೇಳಿದರೆ ಸಾಲದು. ಬಡ ಮಕ್ಕಳದ್ದು, ಅಂಗವಿಕಲ ಮಕ್ಕಳದ್ದು, ಬೇರೆ ಬೇರೆ ಜನಾಂಗದ ಮಕ್ಕಳದ್ದು, ಇಂಗ್ಲಿಷ್ ಮನೆಮಾತಲ್ಲದೆ ಇನ್ನೂ ಕಲಿಯುತ್ತಿರುವ ಮಕ್ಕಳದ್ದು ಬಿಡಿಬಿಡಿಯಾಗಿ ತೋರಿಸಬೇಕು. ಇದು ಯಾಕೆ? ಒಂದು ಶಾಲೆಯಲ್ಲಿ 40 ಮಕ್ಕಳು ಅಂದುಕೊಳ್ಳಿ. ಅನುಕೂಲಸ್ಥರ 30 ಮಕ್ಕಳಲ್ಲಿ 28 ಪಾಸು, ಕೂಲಿಕಾರರ 10 ಮಕ್ಕಳಲ್ಲಿ 2 ಪಾಸು. ಒಟ್ಟು ನೂರಕ್ಕೆ 75, ಬಲು ಒಳ್ಳೆ ಶಾಲೆ! ಆ ಎಂಟು ಮಕ್ಕಳು ಎಲ್ಲಿ ಹೋದರು? ಸರಾಸರಿಯ ಅಡಿಯಲ್ಲಿ ಮುಚ್ಚಿಹೋದರು. ಒಟ್ಟು ವಸೂಲಾತಿ ಚೆನ್ನಾಗಿದೆ ಎಂದು ಹೇಳಿ ಸುಸ್ತಿದಾರರ ಪಟ್ಟಿ ಅಡಗಿಸಿದ ಹಾಗೆ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಹತ್ತಿರ ಹೋದರೆ ಅಲ್ಲೂ ಕಲ್ಲುಮುಳ್ಳು. 2014ರೊಳಗೆ ಎಲ್ಲ ಮಕ್ಕಳೂ ಗುರಿ ಮುಟ್ಟಬೇಕೆಂದು ಕಾಯ್ದೆ ಹೇಳಿತ್ತು, ಒಂದು ರಾಜ್ಯವೂ ಮುಟ್ಟಲಿಲ್ಲ. ಅಂಕ ಒಂದೇ ಮಾನದಂಡವಾದಾಗ ಅಂಕವನ್ನೇ ತಿದ್ದುವವರು ಹುಟ್ಟಿಕೊಂಡರು. ಅಟ್ಲಾಂಟಾ ನಗರದಲ್ಲಿ ಶಿಕ್ಷಕರೇ ಮಕ್ಕಳ ಉತ್ತರ ಅಳಿಸಿ ತಿದ್ದಿದ್ದು 2011ರ ತನಿಖಾ ವರದಿಯಲ್ಲಿ ಹೊರಬಿತ್ತು. 44 ಶಾಲೆಗಳು, 178 ಮಂದಿ ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರು! ಅಲ್ಲಿ ಹೆತ್ತವರ ಕೈಗೆ ಬಂದ ವರದಿ ಸುಳ್ಳಾಗಿತ್ತು, ಮಗು ಕಲಿತಿರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಹಳೆಯ ಕಾಯ್ದೆ ಹೋಗಿ ಹೊಸದು ಬಂತು. ವರದಿ ಪತ್ರ ಉಳಿಯಿತು. ಶಾಲೆಯೊಂದೊಂದರಲ್ಲಿ ಪ್ರತಿ ವಿದ್ಯಾರ್ಥಿಗೆ ಎಷ್ಟು ಹಣ ಖರ್ಚಾಯಿತು, ಪದೇ ಪದೇ ಗೈರುಹಾಜರಾಗುವ ಮಕ್ಕಳೆಷ್ಟು ಎಂಬುದೂ ಅದರಲ್ಲಿ ಸೇರಿತು.

ಇನ್ನು ನಮ್ಮ ಕಡೆಗೆ ಬರೋಣ. ಕರ್ನಾಟಕದಲ್ಲಿ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ನಾವೆಲ್ಲ ಎಸ್‌ಡಿಎಂಸಿ ಅನ್ನುವವು, ಜಾರಿಗೆ ಬಂದವು. ಮಕ್ಕಳ ಪ್ರಗತಿ ತಿಳಿಸಲು ಹೆತ್ತವರನ್ನು ಶಾಲೆಗೆ ಕರೆಯುವ 'ಸಮುದಾಯದತ್ತ ಶಾಲೆ' ಕಾರ್ಯಕ್ರಮವೂ ನಡೆಯಿತು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಇನ್ನೂ ಸ್ಪಷ್ಟ. ಶಿಕ್ಷಕರು ತಂದೆತಾಯಿಗಳ ಸಭೆಯನ್ನು ತಪ್ಪದೆ ನಡೆಸಬೇಕು. ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ತಿಳಿಸಬೇಕು. ಇದು ಉಪಕಾರವಲ್ಲ, ಕರ್ತವ್ಯ. ಅದೇ ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು.

ಕಾಗದದ ಮೇಲೆ ಎಲ್ಲ ಇದೆ. ಆದರೆ ಸಭೆಗೆ ಹೋಗುವವರು ಯಾರು? ಕೂಲಿ ಬಿಟ್ಟು ಹೋಗೋದು ಹೆಂಗೆ ಅನ್ನುವ ತಾಯಿಯ ಮಾತಿನಲ್ಲೂ ಸತ್ಯವಿದೆ. "ನಾನು ಓದಿಲ್ಲ, ನಂಗೇನು ತಿಳೀತದೆ" ಎನ್ನುವ ತಂದೆಗೆ ಮಾತ್ರ ಒಂದು ಮಾತು ಹೇಳುತ್ತೇನೆ. ಅಢಾವೆ ಪತ್ರಿಕೆ ಓದಲು ಬಾರದವರೂ ಮಹಾಸಭೆಯಲ್ಲಿ ಪ್ರಶ್ನೆ ಕೇಳಿದ್ದರಿಂದಲೇ ಸಹಕಾರ ಸಂಘಗಳು ಉಳಿದಿವೆ. ಹಾಗೆಯೇ ಶಾಲೆಯಲ್ಲಿ ಮೂರು ಪ್ರಶ್ನೆ ಕೇಳಿ. ನನ್ನ ಮಗು ತನ್ನ ತರಗತಿಯ ಪುಸ್ತಕ ಓದುತ್ತದೆಯೇ? ಹಿಂದೆ ಬಿದ್ದ ಮಕ್ಕಳು ಎಷ್ಟು, ಅವರು ಯಾರು? ಅವರಿಗಾಗಿ ಏನು ಮಾಡುತ್ತಿದ್ದೀರಿ? ಮೇಷ್ಟರನ್ನು ಕಟಕಟೆಗೆ ಹತ್ತಿಸಲು ಕೇಳಬೇಡಿ. ಹಾಗೆ ಮಾಡಿದ ಕಡೆ ಏನಾಯ್ತೆಂದು ಅಟ್ಲಾಂಟಾ ಹೇಳುತ್ತದೆ. ಜೊತೆಗೂಡಿ ಕೆಲಸ ಮಾಡಲು ಕೇಳಿ.

ವರದಿ ಎಂಬುದು ಓದಿ ಮಡಚಿಡುವ ಕಾಗದವಲ್ಲ. ಕೇಳುವವರಿದ್ದರೆ ಮಾತ್ರ ಅದಕ್ಕೆ ಜೀವ. ಈ ಪಾಠವನ್ನು ನಮಗೆ ಇಪ್ಪತ್ತೈದು ವರ್ಷದಿಂದ ಕಲಿಸುತ್ತಿರುವ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ. ಅಂದು ಲೆಕ್ಕ ಓದುವ ಕಾರ್ಯದರ್ಶಿ ಇಂದು ನಮ್ಮೂರ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತಿರುವ ಮಗುವೇ ಆಗಿರಲಿ ಎಂದು ಹಾರೈಸುತ್ತೇನೆ.