ಮಂಗಳೂರಿನಲ್ಲಿ ಕಿವಿ-ಮೂಗು-ಗಂಟಲು ವೈದ್ಯಶಾಖೆಯ ಬೆಳವಣಿಗೆ

ಒಂದು ವಿದ್ಯಾಶಾಖೆಯ ವಯಸ್ಸನ್ನು ಅದರ ಕಟ್ಟಡದ ಅಡಿಗಲ್ಲಿನಿಂದ ಎಣಿಸುವುದು ವಾಡಿಕೆಯಾಗಿದೆ. ಮಂಗಳೂರಿನ ಕಿವಿ-ಮೂಗು-ಗಂಟಲು ವೈದ್ಯಶಿಕ್ಷಣದ ವಿಷಯದಲ್ಲಿ ಈ ಲೆಕ್ಕವು ಸಲ್ಲದು. ರೋಗಿಗಳಿದ್ದ ಸರ್ಕಾರಿ ಆಸ್ಪತ್ರೆಗೂ ವಿದ್ಯಾರ್ಥಿಗಳಿದ್ದ ಖಾಸಗಿ ಕಾಲೇಜಿಗೂ ಏರ್ಪಟ್ಟ ಸಂಬಂಧದಲ್ಲಿಯೇ ಅದರ ಮೂಲವನ್ನು ಅರಸಬೇಕಾಗುತ್ತದೆ.

ನಗರದ ಸರ್ಕಾರಿ ಆಸ್ಪತ್ರೆಯು 1848ರಲ್ಲಿ ಹುಟ್ಟಿತು. 1891ರಿಂದ 1896ರವರೆಗೆ ಮದರಾಸಿನ ಗವರ್ನರರಾಗಿದ್ದ ವೆನ್ಲಾಕ್ ಪ್ರಭುವಿನ ಹೆಸರು ಅದಕ್ಕೆ ಅನಂತರ ಬಂದಿತು. ಇತ್ತ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರರು 1880ರಲ್ಲಿ ಔಷಧಾಲಯವನ್ನು ತೆರೆದರು. ಕಿವಿ, ಮೂಗು, ಗಂಟಲುಗಳು ದೇಹದ ಕತ್ತಲೆಯ ಕುಹರಗಳು. ಬೆಳಕನ್ನು ಒಳಕ್ಕೆ ಕಳುಹಿಸುವ ಉಪಾಯವಿಲ್ಲದೆ ಅವುಗಳ ವೈದ್ಯವು ಬೇರೆ ಶಾಖೆಯಾಗಿ ನಿಲ್ಲಲಾರದು. ಗಾಯನಾಚಾರ್ಯನಾದ ಮಾನುಯೆಲ್ ಗಾರ್ಸಿಯನು 1854ರಲ್ಲಿ ಕನ್ನಡಿಯಿಂದ ತನ್ನ ಧ್ವನಿತಂತುಗಳನ್ನು ತಾನೇ ನೋಡಿದುದು ಈ ಶಾಖೆಗೆ ದಾರಿಯನ್ನು ತೆರೆಯಿತು.

1953ರಲ್ಲಿ ಡಾ. ಟಿ. ಎಂ. ಎ. ಪೈಗಳು ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದರು. ಮೊದಲ ಘಟ್ಟದ ಪಾಠಗಳು ಮಣಿಪಾಲದಲ್ಲಿ ನಡೆದವು. ರೋಗಿಗಳ ಬಳಿ ಕಲಿಯಬೇಕಾದ ಪಾಠಗಳಿಗೆ ಸುಮಾರು 60 ಕಿಲೋಮೀಟರು ದೂರದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯೇ ಶಾಲೆಯಾಯಿತು. ಮದರಾಸು ರಾಜ್ಯಕ್ಕೆ ಸೇರಿದ್ದ ಈ ಕಾಲೇಜು ಆಗ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದುದು ಗಮನಾರ್ಹವಾಗಿದೆ. 1956ರ ಏಕೀಕರಣದಿಂದ ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಬಳಿಕ ಕಾಲೇಜು 1965ರಲ್ಲಿ ಮೈಸೂರು, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿ, 1993ರಲ್ಲಿ ಮಣಿಪಾಲದ ಪರಿಗಣಿತ ವಿಶ್ವವಿದ್ಯಾನಿಲಯದ ಅಂಗವಾಯಿತು. ಪದವಿ ನೀಡುವ ಪೀಠವು ಹೀಗೆ ಬದಲಾಗುತ್ತ ಬಂದರೂ ವೆನ್ಲಾಕಿನ ಬಾಗಿಲಿಗೆ ಬರುವ ಬಡರೋಗಿಯೇ ವಿದ್ಯಾರ್ಥಿಗೆ ಪಾಠವಾಗಿ ಉಳಿದನು.

ಆ 1953ನೆಯ ವರ್ಷದಲ್ಲಿಯೇ ಜರ್ಮನಿಯ ಝೈಸ್ ಕಂಪೆನಿಯು ಶಸ್ತ್ರಚಿಕಿತ್ಸೆಗೆ ಒದಗುವ ಸೂಕ್ಷ್ಮದರ್ಶಕವನ್ನು ಹೊರತಂದಿತು. ವುಲ್‌ಸ್ಟೈನ್, ತ್ಸೋಲ್ನರ್ ಎಂಬ ಜರ್ಮನ್ ವೈದ್ಯರು ಅದೇ ಕಾಲದಲ್ಲಿ ಕಿವಿಯ ತಮಟೆಯನ್ನು ಮರಳಿ ಕಟ್ಟುವ ಕ್ರಮವನ್ನು ರೂಪಿಸಿದರು. ಅದಕ್ಕೆ ಮೊದಲು ಬಹುಕಾಲ ಸೋರುವ ಕಿವಿಯಲ್ಲಿ ಕೀವು ಮೆದುಳಿಗೆ ಹರಡದಂತೆ ಕಿವಿಯ ಹಿಂದಣ ಎಲುಬನ್ನು ಕೊರೆದು ಪ್ರಾಣವನ್ನುಳಿಸುವುದೇ ಮುಖ್ಯ ಗುರಿಯಾಗಿತ್ತು. ಕೇಳ್ಮೆಯು ಅನೇಕವೇಳೆ ನಷ್ಟವಾಗುತ್ತಿತ್ತು. ಹೊಸ ಕ್ರಮದಲ್ಲಿ ರೋಗಿಯ ದೇಹದಿಂದಲೇ ತೆಗೆದ ತೆಳುಪೊರೆಯಿಂದ ತಮಟೆಯ ತೂತನ್ನು ಮುಚ್ಚಿ ಕೇಳ್ಮೆಯನ್ನೂ ಉಳಿಸುವುದು ಸಾಧ್ಯವಾಯಿತು. ಕಾಲೇಜಿನ ಜೀವಿತವೂ ಸೂಕ್ಷ್ಮ ಕರ್ಣಶಸ್ತ್ರದ ಜೀವಿತವೂ ಹೀಗೆ ಸಮವಯಸ್ಕವಾಗಿವೆ.

1999ರಲ್ಲಿ ಫಾದರ್ ಮುಲ್ಲರ್, ಯೆನೆಪೋಯ, ಕೆ. ಎಸ್. ಹೆಗ್ಡೆ ವೈದ್ಯಕೀಯ ಕಾಲೇಜುಗಳು ಆರಂಭವಾದುದರಿಂದ ಈ ವಿದ್ಯೆಗೆ ನಗರದಲ್ಲಿಯೂ ನೆರೆಯ ದೇರಳಕಟ್ಟೆಯಲ್ಲಿಯೂ ಹಲವು ನೆಲೆಗಳಾದವು. ವಾಕ್-ಶ್ರವಣ ಶಾಸ್ತ್ರದ ಶಿಕ್ಷಣವೂ ಜೊತೆಗೂಡಿತು. ಹುಟ್ಟುಗಿವುಡಾದ ಮಗುವಿಗೆ ಶಸ್ತ್ರಚಿಕಿತ್ಸೆಯು ಅರ್ಧ ದಾರಿ ಮಾತ್ರ. ಕೇಳಿದುದನ್ನು ಮಾತಾಗಿಸುವ ದೀರ್ಘಾಭ್ಯಾಸವು ಉಳಿದರ್ಧ.

ಇಂತಹ ಶಾಖೆಯ ಸಾಧನೆಯನ್ನು ಯಂತ್ರಗಳ ಬೆಲೆಯಿಂದಲೂ ಪದವೀಧರರ ಎಣಿಕೆಯಿಂದಲೂ ಅಳೆಯುವುದು ಸುಲಭವಾದರೂ ಸಾಲದು. ಕಲಿತ ವಿದ್ಯೆಯು ಅದನ್ನು ಕಲಿಸಿದ ಬಡವರ ಮಕ್ಕಳ ಸೋರುವ ಕಿವಿಯನ್ನು ಕಾಲದಲ್ಲಿ ಮುಟ್ಟಿತೆ ಎಂಬುದೇ ಅದರ ಪರೀಕ್ಷೆ. ಆ ಋಣವು ಇನ್ನೂ ತೀರುತ್ತಲೇ ಇರತಕ್ಕದ್ದಾಗಿದೆ.