ಗಡಿ ಅಳೆಯಲು ಬಂದವನ ಕಣ್ಣಿಗೆ ಬಿದ್ದ ಸೀಮೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮೈಸೂರು ಮರಳಿ ಒಡೆಯರ ಮನೆತನಕ್ಕೆ ಸಂದರೂ ಅದರ ಎಲ್ಲೆಕಟ್ಟು ಗೊತ್ತುಮಾಡುವ ಕೆಲಸ ಕುಂಪಣಿ ಸರ್ಕಾರದ್ದಾಯಿತು. 1802ರಲ್ಲಿ ಮೂಡಣ ಗಡಿಯನ್ನು ಅಳೆಯುತ್ತ ಲೆಫ್ಟಿನೆಂಟ್ ಜಾನ್ ವಾರನ್ ಕೋಲಾರ ಸೀಮೆಯ ಊರಿಗಾಂ, ಮಾರಿಕುಪ್ಪಂ ಬಯಲಿಗೆ ಬಂದನು. ನೆಲದಲ್ಲಿ ಚಿನ್ನವಿದೆಯೆಂಬ ಮಾತು ಅವನ ಕಿವಿಗೂ ಬಿದ್ದಿತು. ತೋರಿಸಿದವರಿಗೆ ಇನಾಮು ಸಾರಿದನು. ಹಳ್ಳಿಗರು ಎತ್ತಿನ ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದು ಅವನೆದುರೇ ತೊಳೆದರು. ಕೆಸರು ಹರಿದು ಬಗ್ಗಡ ತಿಳಿಯಾದಾಗ ತಳದಲ್ಲಿ ಹಳದಿ ಕಣಗಳು ನಿಂತಿದ್ದವು. ಕಂಡುಹಿಡಿದವನೆಂಬ ಹೆಸರು ವಾರನ್‌ಗೆ ಬಂತು. ತೊಳೆದವರ ಹೆಸರನ್ನು ಕೇಳಿದವರಿಲ್ಲ.

ಈ ಬಯಲಿನ ಒಂದು ಕಡೆ ತೆಲುಗು ಸೀಮೆ, ಇನ್ನೊಂದು ಕಡೆ ತಮಿಳು ಸೀಮೆ, ನಡುವೆ ಕಲ್ಲುಗುಡ್ಡ, ರಾಗಿಹೊಲ, ಮಳೆ ನೆಚ್ಚಿದ ಕೆರೆಗಳು. ನಂದಿಯ ಕಡೆಯಿಂದ ಇಳಿಯುವ ಪಾಲಾರ್ ನದಿಗೆ ಬೇತಮಂಗಲದಲ್ಲಿ ಕೆರೆ. ಮುಂದೆ ಇಲ್ಲಿ ತೋಡಿದ ಚಿನ್ನದ ಗಣಿಗಳ ಬಾಯಾರಿಕೆ ತಣಿಸಿದ್ದು ಅದೇ.

ನ್ಯೂಜಿಲೆಂಡಿನ ಯುದ್ಧ ಕಂಡು ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ 1875ರಲ್ಲಿ ಇಲ್ಲಿ ಗಣಿ ತೋಡಲು ಪರವಾನಗಿ ಪಡೆದನು. 1880ರಲ್ಲಿ ಗಣಿಗಾರಿಕೆಯ ಜಾನ್ ಟೇಲರ್ ಕಂಪನಿ ಬಂತು. ಅಲ್ಲಿಂದ ಚರಿತ್ರೆಯ ಗಾಲಿ ಬೇರೆ ವೇಗದಲ್ಲಿ ಉರುಳಿತು. ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲುಹಳಿ ಬಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿಬಂದು ಗಣಿಯ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿಗೆ ದೀಪ ಬರಲು ಇನ್ನೂ ಮೂರು ವರ್ಷ ಕಾಯಬೇಕಾಯಿತು! ರಾಜಧಾನಿಯ ಕಣ್ಣಿಗೆ ಮೂಲೆಯ ಸೀಮೆ, ಆದರೆ ಬೆಳಕು ಕಂಡದ್ದು ಮೊದಲು.

ಕೂಲಿಗೆ ಬಂದವರು ಹೆಚ್ಚಾಗಿ ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಬಡವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯೇ ಕಾದ ಕಾವಲಿ. ಒತ್ತಡ ತಾಳದೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಮೇಲೆ ಬಂದವರ ಮೇಲೆ ಕಳ್ಳತನದ ಗುಮಾನಿ ಬೇರೆ. 1930ರಲ್ಲಿ ಬೆರಳಚ್ಚು ಕೊಡಬೇಕೆಂದಾಗ ಅವರು ಮುಷ್ಕರ ಹೂಡಿದರು. ಈ ಸೀಮೆಯ ಕಥೆಯಲ್ಲಿ ನನಗೆ ಚಿನ್ನಕ್ಕಿಂತ ದೊಡ್ಡದಾಗಿ ಕಾಣುವುದು ಆ ಮುಷ್ಕರ.

ಸುಮಾರು 800 ಟನ್ ಚಿನ್ನ ಹೊರಟುಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ಬೂದುಬಣ್ಣದ ಸೈನೈಡ್ ದಿಬ್ಬಗಳು, ಸಾಲುಮನೆಗಳು, ರಾಬರ್ಟ್‌ಸನ್‌ಪೇಟೆಯ ಅಂಗಡಿಬೀದಿ. ಗಣಿಗೆಂದು ಹಾಕಿದ ಅದೇ ಹಳಿಯ ಮೇಲೆ ಈಗ ಗಣಿಗಾರರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಮರಳುತ್ತಾರೆ.